ಸುಟ್ಟ ಮೋಟಾರನ್ನು ವೈಂಡಿಂಗ್‌ಗೆ ಕೊಡುವ ಮುನ್ನ ಸ್ಟೇಟರ್ ನೋಡಿ

‘ಮೋಟ್ರು ಸುಟ್ಟೋಯ್ತು’ ಅಂದ ಕೂಡಲೇ ಬೈಕಿನ ಹಿಂದೆ ಕಟ್ಟಿಕೊಂಡು ವೈಂಡಿಂಗ್ ಅಂಗಡಿಗೆ ಓಡುತ್ತೇವೆ. ಹೊಸ ತಾಮ್ರ ತುಂಬಿಸಿ ತಂದು ಕೂರಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಕಮಟು ವಾಸನೆ. ಯಾಕೆ ಸುಟ್ಟಿತು ಎಂಬುದು ಸ್ಟೇಟರಿನಲ್ಲೇ ಕಾಣುತ್ತದೆ. ಹಳೆ ಕಾಯಿಲ್ ಕಿತ್ತರೆ ಆ ಸುಳಿವೂ ಹೋಯಿತು.

ತಿರುಗುವುದು ರೋಟರ್, ಅದರ ಸುತ್ತ ಅಲ್ಲಾಡದೆ ಕೂತಿರುವುದು ಸ್ಟೇಟರ್. (ಸೀಲಿಂಗ್ ಫ್ಯಾನಿನಲ್ಲಿ ಮಾತ್ರ ತಿರುಗುಮುರುಗು: ಸ್ಟೇಟರ್ ಒಳಗೆ, ರೋಟರ್ ಹೊರಗೆ.) ಸ್ಟೇಟರ್ ಒಂದೇ ಗಟ್ಟಿಯಂತೆ ಕಂಡರೂ ಅರ್ಧ ಮಿಲಿಮೀಟರಿನಷ್ಟು ತೆಳುವಾದ ಉಕ್ಕಿನ ಹಾಳೆಗಳ ಕಟ್ಟು ಅದು. ಹಾಳೆ ಹಾಳೆಯ ನಡುವೆ ಇನ್ಸುಲೇಷನ್ ಲೇಪ ಇರುತ್ತದೆ. ಅದಿಲ್ಲದಿದ್ದರೆ ಉಕ್ಕಿನೊಳಗೇ ಕರೆಂಟ್ ಸುಳಿದಾಡಿ ಬರೀ ಕಾವು ಹುಟ್ಟುತ್ತಿತ್ತು.

ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಡೆಲ್ಟಾ (ಮೂರು ಫೇಸಿನ ಕಾಯಿಲ್‌ಗಳನ್ನು ತ್ರಿಕೋನದಂತೆ ತುದಿಗೆ ತುದಿ ಜೋಡಿಸುವ) ಮೋಟಾರಿನಿಂದ ಆರು ವೈರ್ ಬಂದಿದ್ದರೆ ಮಲ್ಟಿಮೀಟರಿನಲ್ಲಿ ಮೂರು ಜೋಡಿ ಸಿಗಬೇಕು, ಮೂರರ ಓಮ್ಸ್ ಹೆಚ್ಚುಕಡಿಮೆ ಒಂದೇ ಇರಬೇಕು. ಆಮೇಲೆ ವೈರಿಗೂ ಬಾಡಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಯಿರಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಮೋಟಾರ್ ಓಡಿಸಬೇಡಿ. ಹಾಗಂತ ಸುಟ್ಟೇ ಹೋಗಿದೆ ಎಂದೂ ಅಲ್ಲ. ಮಳೆಗಾಲದಲ್ಲಿ ಬರೀ ತೇವಕ್ಕೂ ಹೀಗಾಗುತ್ತದೆ. ರೋಟರ್ ತೆಗೆದು ಒಳಗೆ 100 ವ್ಯಾಟಿನ ಹಳೇ ಕಾಲದ ತಂತಿ ಬಲ್ಬನ್ನು ಕಾಯಿಲ್‌ಗೆ ತಾಗದಂತೆ ರಾತ್ರಿಯಿಡೀ ಉರಿಸಿಟ್ಟು, ಆರಿದ ಮೇಲೆ ಮತ್ತೆ ಅಳೆದು ನೋಡಿ.

ಈಗ ಬಿಚ್ಚಿ. ಕವರ್ ಮತ್ತು ಬಾಡಿ ಸೇರುವ ಕಡೆ ಚಾಣದಲ್ಲಿ ಗುರುತು ಹಾಕಿ, ಕಾಯಿಲ್‌ಗೆ ಉಜ್ಜದಂತೆ ರೋಟರನ್ನು ಹೊರಗೆಳೆಯಿರಿ. ಒಳಗೋಡೆಯ ಉಕ್ಕಿನಲ್ಲಿ ಹೊಳಪಿನ ಗೀರು ಕಂಡರೆ ಬೇರಿಂಗ್ ಸವೆದು ರೋಟರ್ ತಾಗಿದೆ ಎಂದರ್ಥ. ಅದನ್ನು ಬದಲಿಸದೆ ವೈಂಡಿಂಗ್ ಮಾಡಿಸಿ ಪ್ರಯೋಜನವಿಲ್ಲ.

ಇನ್ನು ಕಪ್ಪು ಎಲ್ಲೆಲ್ಲಿದೆ ನೋಡಿ. ನಮ್ಮ ತೋಟದ 5 ಎಚ್‌ಪಿ ಪಂಪ್ ನಿಮಿಷಕ್ಕೆ 2880 ಸುತ್ತಿನದು, ಅಂದರೆ ಎರಡು ಪೋಲ್: ಒಂದೊಂದು ಫೇಸಿನ ಕಾಯಿಲ್ ಎದುರುಬದುರು ಎರಡು ಕಡೆ ಕೂರುತ್ತದೆ. ಬಿಚ್ಚಿದಾಗ ಎದುರುಬದುರು ಎರಡು ಕಡೆ ಕಾಯಿಲ್ ಇದ್ದಿಲಾಗಿತ್ತು, ಮಿಕ್ಕವು ಜೇನಿನ ಬಣ್ಣದಲ್ಲೇ ಹೊಳೆಯುತ್ತಿದ್ದವು. ಅಂದರೆ ಸುಟ್ಟಿದ್ದು ಒಂದೇ ಫೇಸ್. ಡೆಲ್ಟಾದಲ್ಲಿ ಒಂದು ಫೇಸ್ ಮಾತ್ರ ಬೆಂದು ಎರಡು ಚೆನ್ನಾಗಿದ್ದರೆ ಲೈನಿನಲ್ಲಿ ಒಂದು ಫೇಸ್ ಹೋಗಿದ್ದಾಗಲೂ ಮೋಟಾರ್ ಓಡಿದೆ. ಸ್ಟಾರ್ (ಮೂರರ ಒಂದೊಂದು ತುದಿಯನ್ನು ಒಂದೇ ಕಡೆ ಸೇರಿಸಿದ್ದು) ಆದರೆ ಇದಕ್ಕೆ ತದ್ವಿರುದ್ಧ: ಎರಡು ಬೆಂದು ಒಂದು ಉಳಿಯುತ್ತದೆ. ಪದೇ ಪದೇ ಟ್ರಿಪ್ ಆಗುತ್ತದೆಂದು ಸ್ಟಾರ್ಟರಿನ ಪ್ರಿವೆಂಟರನ್ನು (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ) ಬೈಪಾಸ್ ಮಾಡಿದ್ದು ನಾವೇ. ಲೈನ್‌ಮನ್ನನ್ನು ಬೈಯುತ್ತಿದ್ದವರು ಸುಮ್ಮನಾದೆವು.

ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್, ಇಲ್ಲವೇ ಲೋ ವೋಲ್ಟೇಜ್. ಒಂದೇ ಕಾಯಿಲ್‌ನಲ್ಲಿ ತಾಮ್ರ ಕರಗಿ ಗುಂಡು ಕಟ್ಟಿದ್ದರೆ ಸುತ್ತು ಸುತ್ತಿಗೆ ಶಾರ್ಟ್. ಸ್ಲಾಟಿನ (ಕಾಯಿಲ್ ಕೂರುವ ಸೀಳಿನ) ಬಾಯಲ್ಲಿ ಇನ್ಸುಲೇಷನ್ ಪೇಪರ್ ಹರಿದು ಅಲ್ಲೇ ಸುಟ್ಟಿದ್ದರೆ ಬಾಡಿ ಶಾರ್ಟ್. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಅಂಗಡಿಯಲ್ಲಿ ಎರಡು ಮಾತು ಖಡಾಖಂಡಿತವಾಗಿ ಹೇಳಿ. ಹಳೇ ಸುತ್ತಿನ ಲೆಕ್ಕ, ತಂತಿಯ ಗೇಜು ಬರೆದುಕೊಂಡು ಅಷ್ಟನ್ನೇ ಹಾಕಬೇಕು. ಎರಡನೆಯದು, ಹಳೆ ತಾಮ್ರ ಬೇಗ ಬರಲೆಂದು ಸ್ಟೇಟರಿಗೆ ಬೆಂಕಿ ಇಡಬಾರದು. ಹದ ಮೀರಿ ಕಾದರೆ ಹಾಳೆಗಳ ನಡುವಿನ ಲೇಪ ಸುಟ್ಟು, ಎಷ್ಟು ಒಳ್ಳೆ ತಾಮ್ರ ಸುತ್ತಿದರೂ ಆ ಮೋಟಾರ್ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಮರಳಿ ಕೂರಿಸಿದ ದಿನ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವುದು) ನೇಮ್‌ಪ್ಲೇಟಿನಲ್ಲಿರುವ ಆಂಪ್ಸ್ ನೋಡಿ ಸೆಟ್ ಮಾಡಿಸಿ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಆಗಿದ್ದು ರಿಲೇ ಮೋಟಾರಿಗೆ ಹೋಗುವ ವೈರಿನಲ್ಲಿದ್ದರೆ ಅದರ ಶೇ 58ಕ್ಕೆ. ಪ್ರಿವೆಂಟರ್ ಮತ್ತೆ ಜೋಡಿಸಿ. ನೀರು ಎತ್ತುವಾಗ ಕ್ಲಾಂಪ್ ಮೀಟರಿನಲ್ಲಿ ಮೋಟಾರಿಗೆ ಹೋಗುವ ಒಂದೊಂದೇ ವೈರಿನ ಕರೆಂಟ್ ಅಳೆಯಿರಿ. ಒಂದರಲ್ಲಿ ಜಾಸ್ತಿ ಕಂಡರೆ ಮೋಟಾರ್ ನಿಲ್ಲಿಸಿ, ಸಪ್ಲೈ ತೆಗೆದು, ಸ್ಟಾರ್ಟರಿಗೆ ಬರುವ ಮೂರೂ ಲೈನನ್ನು ಒಂದೊಂದು ಮನೆ ಸರಿಸಿ ಮತ್ತೆ ಓಡಿಸಿ. ಜಾಸ್ತಿ ಕರೆಂಟ್ ಮೋಟಾರಿನ ಅದೇ ವೈರಿನಲ್ಲಿ ಉಳಿದರೆ ವೈಂಡಿಂಗ್ ಅಂಗಡಿಗೆ ವಾಪಸ್ ಹೋಗಿ, ಲೈನಿನ ಜತೆ ಸರಿದರೆ ಟ್ರಾನ್ಸ್‌ಫಾರ್ಮರ್ ಕಡೆ.