ಹೆಸರು ಬದಲಾಯಿಸಿದ ಮೇಲೆ ದಾಖಲೆ ಸರಿ ಮಾಡಿದ್ದು, ನನ್ನ ಅನುಭವ

ನನ್ನ ಪೂರ್ತಿ ಹೆಸರೇ ಬದಲಾಯಿಸಿದ್ದು, ಬರೀ ಸ್ಪೆಲ್ಲಿಂಗ್ ಅಲ್ಲ. ಮಂಗಳೂರಿನ ಹಂಪನಕಟ್ಟೆ ಹತ್ರ ನೋಟರಿಯಲ್ಲಿ ಸ್ಟಾಂಪ್ ಪೇಪರಿನ ಅಫಿಡವಿಟ್ ಮಾಡಿಸಿ, ಪೇಪರಲ್ಲಿ ಜಾಹೀರಾತು ಕೊಟ್ಟು, ಇಷ್ಟು ಸಾಕು ಅಂತ ಮೊದ್ಲು ಪ್ಯಾನಿಗೇ ಹಾಕಿದೆ, ಅಲ್ಲೇ ನಾನು ಎಡವಿದ್ದು. ಆಧಾರಲ್ಲಿ ಹಳೇ ಹೆಸರು, ಅರ್ಜಿಯಲ್ಲಿ ಹೊಸದು, ಮ್ಯಾಚ್ ಆಗ್ಲೇ ಇಲ್ಲ, ವಾಪಸ್ ಬಂತು. ತುಂಬಾ ಬೇಜಾರಾಯ್ತು.

ಪೂರ್ತಿ ಹೆಸರು ಬದಲಾದ್ರೆ ಆಧಾರಿಗೆ ಗೆಜೆಟ್, ಅಂದ್ರೆ ಸರ್ಕಾರದ ರಾಜಪತ್ರದ ಪ್ರಕಟಣೆ ಬೇಕು ಮಾರಾಯ್ರೆ, ಅಫಿಡವಿಟ್ ಒಂದೇ ನಡೆಯೂದಿಲ್ಲ. ಗೆಜೆಟಲ್ಲಿ ಹೆಸರು ಬಂದ ಮೇಲೆ ಅದರ ಪ್ರಿಂಟ್ ಮತ್ತೆ ಹಳೇ ಹೆಸರಿನ ಒಂದು ಫೋಟೋ ಐಡಿ ಹಿಡ್ಕೊಂಡು ಆಧಾರ್ ಸೆಂಟರಿಗೆ ಹೋದೆ. ಅಲ್ಲಿ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ್ರು, ಇಂಗ್ಲಿಷಲ್ಲಿ ಸರಿ ಉಂಟು, ಕನ್ನಡದಲ್ಲಿ 'ಣ' ಇರ್ಬೇಕಾದಲ್ಲಿ 'ನ' ಬಿದ್ದಿದೆ! ಅಲ್ಲೇ ತಿದ್ದಿಸಿದೆ. ಆಧಾರಲ್ಲಿ ಹೆಸರು ಬದಲಾಯಿಸ್ಲಿಕ್ಕೆ ಸಾಮಾನ್ಯವಾಗಿ 2 ಸಲ ಮಾತ್ರ ಅವಕಾಶ, ಹಾಗಾಗಿ ದಯವಿಟ್ಟು ಎರಡೂ ಭಾಷೆಯಲ್ಲಿ ಒಂದೊಂದೇ ಅಕ್ಷರ ಓದಿ ಆಮೇಲೆ ಓಕೆ ಹೇಳಿ.

ಆಧಾರ್ ಆದ ಮೇಲೆ ಪ್ಯಾನ್ ಸಲೀಸಾಗಿ ಆಯ್ತು, ನಂಬರ್ ಅದೇ, ಹೆಸರು ಮಾತ್ರ ಹೊಸದು. ಬ್ಯಾಂಕೂ ಮುಗೀತು. ಪಾಸ್‌ಪೋರ್ಟಿಗೆ ರೀ-ಇಶ್ಯೂ ಹಾಕ್ಬೇಕು, ಸೇವಾ ಕೇಂದ್ರ ಮಂಗಳೂರಲ್ಲೇ ಉಂಟಲ್ಲ, ಅದು ದೊಡ್ಡ ಸಮಾಧಾನ. ಮಾರ್ಕ್ಸ್ ಕಾರ್ಡಲ್ಲಿ ಈಗ್ಲೂ ಹಳೇ ಹೆಸರೇ, ಅದರೊಟ್ಟಿಗೆ ಗೆಜೆಟಿನ ಒಂದು ಕಾಪಿ ಯಾವಾಗ್ಲೂ ಫೈಲಲ್ಲಿ ಇಟ್ಟಿದ್ದೇನೆ. ಹೊಸ ಆಧಾರ್ ಪೋಸ್ಟಲ್ಲಿ ಬಂದ ದಿನ ಅಮ್ಮ ಹೆಸರನ್ನು ಜೋರಾಗಿ ಓದಿದ್ರು, ನಂಗೆ ಕಣ್ಣು ತುಂಬಿ ಬಂತು.