ಮಾಂಸ ರಫ್ತಿನ ಮುನ್ನೋಟ ಓದುವುದು ಹೇಗೆ

ನಾನು ವಿಜಯಪುರದ ಕಡೆಯವನು. ಮುಂಬೈ ಹತ್ತಿರದ ಪನ್ವೇಲಿನಲ್ಲಿದ್ದುಕೊಂಡು ನ್ಹಾವಾ ಶೇವಾ ಬಂದರಿಗೆ ಮಾಂಸ ಒಯ್ಯುವ ರೀಫರ್ (ಶೀತಲ) ಕಂಟೇನರುಗಳ ಕಾಗದಪತ್ರ ನೋಡುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ನಮ್ಮೂರ ಹುಡುಗರಿಗೆ ಮೊದಲು ಇದನ್ನು ಹೇಳುತ್ತೇನೆ: ಅಮೆರಿಕದ ಕೃಷಿ ಇಲಾಖೆಯ ಮುನ್ನೋಟದಲ್ಲಿ, ಅಂದರೆ ಜಗತ್ತಿನ ಮಾಂಸ ವ್ಯಾಪಾರದ ಅಂದಾಜು ವರದಿಯಲ್ಲಿ, ಭಾರತದ ಲೆಕ್ಕ ‘ಬೀಫ್’ ಎಂದಿದ್ದರೆ ಅದನ್ನು ಎಮ್ಮೆ ಮಾಂಸ ಎಂದೇ ಓದಿ. ಆಕಳು, ಎತ್ತು, ಕರುವಿನ ಮಾಂಸದ ರಫ್ತಿಗೆ ನಮ್ಮಲ್ಲಿ ನಿಷೇಧವಿದೆ.

ಆಮೇಲೆ ತೂಕ. ಅಲ್ಲಿನ ಲೆಕ್ಕ ಕಡಿದು ಶುಚಿಮಾಡಿದ ಮೂಳೆಸಹಿತ ಮೈಯ ತೂಕಕ್ಕೆ ಪರಿವರ್ತಿಸಿದ್ದು. ರಫ್ತಿಗಾಗಿ ಕಸ್ಟಮ್ಸ್‌ಗೆ ಕೊಡುವ ನಮ್ಮ ಶಿಪ್ಪಿಂಗ್ ಬಿಲ್ಲಿನಲ್ಲಿರುವುದು ಮೂಳೆ ತೆಗೆದ ಮಾಂಸದ ತೂಕ. ಇವೆರಡನ್ನೂ ನೇರವಾಗಿ ಹೋಲಿಸಬೇಡಿ. ಮೊದಲ ವರ್ಷ ನಾನು ಹೋಲಿಸಿ, ತಪ್ಪು ಅಂದಾಜು ಕೊಟ್ಟೆ.

ಬೆಲೆಯ ದಿಕ್ಕು ತಿಳಿಯಲು ದೊಡ್ಡ ಮಾರಾಟಗಾರ ಬ್ರೆಜಿಲ್ ಮತ್ತು ದೊಡ್ಡ ಕೊಳ್ಳುಗ ಚೀನಾವನ್ನು ಗಮನಿಸಿ. ಅದಕ್ಕಿಂತ ಹೆಚ್ಚಾಗಿ ಅಮೆರಿಕದ ದನಗಳ ಎಣಿಕೆ ನೋಡಿ. 2025ರ ಜನವರಿಯಲ್ಲಿ ಅದು 8.67 ಕೋಟಿ, 1951ರಿಂದೀಚೆಗೆ ಅತಿ ಕಡಿಮೆ. ಹಿಂಡು ಬೆಳೆಯಬೇಕಾದರೆ ರೈತ ಹೆಣ್ಣುಗರುಗಳನ್ನು ಮಾರದೆ ಉಳಿಸಿಕೊಳ್ಳಬೇಕು. ಆಗ ಮಾರುಕಟ್ಟೆಗೆ ಬರುವ ಮಾಂಸ ಮೊದಲು ಇನ್ನಷ್ಟು ಕಡಿಮೆಯಾಗುತ್ತದೆ. ಹೈನುಗಾರಿಕೆ ಮಾಡಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಜಗತ್ತಿನ ಬೆಲೆ ತಟ್ಟನೆ ಇಳಿಯದು ಎಂಬುದು ನನ್ನ ಅಂದಾಜು.

ಆದರೆ ಆ ಬೆಲೆ ನಮಗೆ ಪೂರ್ತಿ ದಕ್ಕುವುದಿಲ್ಲ. ಕಾಲುಬಾಯಿ ರೋಗದ ಕಾರಣ ಹಲವು ದೇಶಗಳ ಬಾಗಿಲು ನಮಗೆ ಮುಚ್ಚಿದೆ. ವಿಯೆಟ್ನಾಂ, ಮಲೇಷ್ಯಾ, ಈಜಿಪ್ಟ್ ನಮ್ಮಲ್ಲಿ ಕೊಳ್ಳುವುದು ಅಗ್ಗವೆಂದು. ಅವರ ಹಣದ ಬೆಲೆ ಕುಸಿದರೆ ನಮ್ಮ ಮಾಂಸ ಅವರಿಗೆ ದುಬಾರಿಯಾಗುತ್ತದೆ. ಆದ್ದರಿಂದ ಮುನ್ನೋಟ ಓದುವಾಗ ಆ ದೇಶಗಳ ಕರೆನ್ಸಿ ದರವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.