ಪವರ್ ಕಟ್ ಮಾಡಿದರೂ ಆಫ್ ಆಗದ ಎಸ್‌ಡಿ ಕಾರ್ಡ್

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟಕ್ಕೆ ಮಳೆ ಲಾಗರ್ (ಮಳೆ ಅಳೆದು ಎಸ್‌ಡಿ ಕಾರ್ಡ್‌ಗೆ ಬರೆದಿಡುವ ಯಂತ್ರ) ಮಾಡಿಕೊಟ್ಟಿದ್ದೆ. ನೀರು ತುಂಬಿ ಅದರ ಪುಟ್ಟ ಬಕೆಟ್ ಒಂದು ಸಲ ಮಗುಚಿದರೆ ಒಂದು ಸೆಂಟ್ ಮಳೆ, ನೂರು ಸೆಂಟ್‌ಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕ ತೋಟದವರಿಗೆ ಹಾಗೇ ಬೇಕು. 3.3 ವೋಲ್ಟ್ ಪ್ರೊ ಮಿನಿ (ಪುಟ್ಟ ಆರ್ಡುಯಿನೊ ಬೋರ್ಡ್), ಒಂದೇ 18650 ಲಿಥಿಯಂ ಸೆಲ್, ಎಸ್‌ಡಿ ಕಾರ್ಡ್‌ನ ಪವರ್ ಕಟ್ ಮಾಡೋಕೆ ಸ್ವಿಚ್ ಥರ ಒಂದು ಎಒ3401 ಮಾಸ್‌ಫೆಟ್. ನಾಲ್ಕು ತಿಂಗಳು ಬರುತ್ತೆ ಅಂದಿದ್ದೆ. ಹತ್ತೇ ದಿನಕ್ಕೆ ಸೆಲ್ ಖಾಲಿ.

ಅದಕ್ಕಿಂತ ತಲೆ ತಿಂದದ್ದು ಕಾರ್ಡ್. ಮೊದಲ ಸಲ ಬರೆಯುತ್ತೆ, ಬೋರ್ಡ್ ನಿದ್ದೆಯಿಂದ (ಕರೆಂಟ್ ಉಳಿಸುವ ಸ್ಲೀಪ್) ಎದ್ದ ಮೇಲೆ ಇನಿಟ್ ಫೇಲ್, ಕಾರ್ಡ್ ಶುರುವೇ ಆಗಲ್ಲ. ಕಾರ್ಡೇ ಡೂಪ್ಲಿಕೇಟ್ ಅಂದುಕೊಂಡು ಮೂರು ಹೊಸದು ತಂದೆ, ಸಾವಿರದ ಇನ್ನೂರು ರೂಪಾಯಿ ಹೋಯಿತು. ಹಾಸನದಿಂದ ನಾಲ್ಕು ಸಲ ಓಡಾಡಿದ ಖರ್ಚು ಬೇರೆ. 'ದೊಡ್ಡ ಸೋಲಾರ್ ಪ್ಯಾನಲ್ ಹಾಕಿ ಮುಗಿಸು ಮಾರಾಯ' ಅಂದ ಗೆಳೆಯ.

ಒಂದು ರಾತ್ರಿ ಮಾಸ್‌ಫೆಟ್ ಆಫ್ ಇರುವಾಗ ಕಾರ್ಡ್‌ಗೆ ಪವರ್ ಬರುವ ವಿಸಿಸಿ ಪಿನ್ ಮೇಲೆ ಮೀಟರ್ ಇಟ್ಟೆ. ಸೊನ್ನೆ ಇರಬೇಕು ಅಲ್ವಾ? 2.6 ವೋಲ್ಟ್! ಕಾರ್ಡನ್ನು ಆಯ್ಕೆ ಮಾಡುವ ಸಿಎಸ್ ಸಿಗ್ನಲ್ ಲೈನ್ ಸದಾ ಹೈ (3.3 ವೋಲ್ಟ್) ಇತ್ತು, ಕಾರ್ಡ್ ಒಳಗಿನ ಪ್ರೊಟೆಕ್ಷನ್ ಡಯೋಡ್ ದಾಟಿ ಕರೆಂಟ್ ವಿಸಿಸಿಗೆ ನುಗ್ಗುತ್ತಿತ್ತು, ಸುಮಾರು 8 ಮಿಲಿಆಂಪ್. ಕಾರ್ಡ್ ರಿಸೆಟ್ ಆಗಬೇಕಾದರೆ ವಿಸಿಸಿ 0.5 ವೋಲ್ಟ್‌ಗಿಂತ ಕೆಳಗೆ ಇಳಿಯಬೇಕು. ಇಳಿದಿರಲೇ ಇಲ್ಲ.

ಸಿಗ್ನಲ್ ಲೈನ್‌ಗಳಿಗೆ 1ಕೆ (ಸಾವಿರ ಓಮ್) ರೆಸಿಸ್ಟರ್ ಹಾಕಿದೆ. ಕರೆಂಟ್ ಇಳಿಯಿತು, ವೋಲ್ಟೇಜ್ ಹೋಗಲಿಲ್ಲ. ವಿಸಿಸಿ ಬಿಟ್ಟು ಗ್ರೌಂಡ್ ಕಟ್ ಮಾಡಿ ನೋಡಿದೆ, ಇನ್ನೂ ಕೆಟ್ಟಿತು. ಗ್ರೌಂಡ್ ಸಿಗ್ನಲ್ ಲೈನಲ್ಲೇ ದಾರಿ ಹುಡುಕಿಕೊಳ್ಳುತ್ತೆ, ಆ ಕಡೆ ಹೋಗಲೇಬೇಡಿ. ಮಧ್ಯೆ ಸುಮ್ನೆ ಒಂದು ಅಟ್‌ಮೆಗಾ328ರ (ಪ್ರೊ ಮಿನಿಯಲ್ಲಿರೋ ಚಿಪ್) ವಿಸಿಸಿ ವೈರ್ ಕಿತ್ತು ಕೈಯಲ್ಲಿ ಹಿಡಿದೆ, ಡೇಟಾ ಒಳಗೆ ಬರುವ ಆರ್‌ಎಕ್ಸ್ ಲೈನ್ ಒಂದನ್ನೇ ಬಿಟ್ಟಿದ್ದೆ. ಎಲ್‌ಇಡಿ ಮಂಕಾಗಿ ಮಿಣುಕುತ್ತಲೇ ಇತ್ತು. ಸಿಗ್ನಲ್ ಲೈನಿಂದಲೇ ಪವರ್ ನುಗ್ಗುತ್ತೆ ಅಂತ ಗೆಳೆಯ ಆಗ ನಂಬಿದ.

ಕೊನೆಗೆ ಮಾಡಿದ್ದು ಇಷ್ಟು. ಪವರ್ ತೆಗೆಯೋ ಮುಂಚೆ ಎಸ್‌ಪಿಐ (ಬೋರ್ಡ್ ಕಾರ್ಡ್ ಜೊತೆ ಮಾತಾಡುವ ನಾಲ್ಕು ಲೈನ್‌ಗಳ ಸಂಪರ್ಕ) ನಿಲ್ಲಿಸಿ ನಾಲ್ಕೂ ಲೈನ್ ಲೋ (ಸೊನ್ನೆ ವೋಲ್ಟ್) ಮಾಡಿದೆ. ಲೈನ್‌ಗಳನ್ನು ಹೈಗೆ ಎಳೆದಿಡುವ ಪುಲ್‌ಅಪ್ ರೆಸಿಸ್ಟರ್‌ಗಳನ್ನು ಮಾಸ್‌ಫೆಟ್ ದಾಟಿದ ಪವರ್‌ಗೆ ಬದಲಾಯಿಸಿದೆ. ಕಾರ್ಡ್‌ನ ವಿಸಿಸಿ, ಗ್ರೌಂಡ್ ನಡುವೆ ಒಂದು 10ಕೆ ರೆಸಿಸ್ಟರ್ ಹಾಕಿದೆ, ಕೆಪಾಸಿಟರ್ ಬೇಗ ಖಾಲಿಯಾಗಲಿ ಅಂತ. ಮತ್ತೆ ಆನ್ ಮಾಡುವಾಗ ಯಾವುದರ ನಂತರ ಯಾವುದು, ನಡುವೆ ಎಷ್ಟು ಕಾಯಬೇಕು ಅನ್ನೋದನ್ನು ಮಾತ್ರ ಹೇಳಲ್ಲ, ಅದಕ್ಕೆ ಒಂದು ವಾರ ನಿದ್ದೆಗೆಟ್ಟಿದ್ದೇನೆ.

ಈಗ ನಿದ್ದೆಯಲ್ಲಿ 60 ಮೈಕ್ರೋಆಂಪ್ ಆಸುಪಾಸು. ಸೋಲಾರ್ ಇಲ್ಲದೆ ಐದನೇ ತಿಂಗಳು ನಡೀತಿದೆ, ಮೊನ್ನೆ ನೋಡಿದಾಗ ಸೆಲ್ 3.8 ವೋಲ್ಟ್ ಇತ್ತು. ತೋಟದವರು ಇನ್ನೂ ಎರಡು ಬೇಕು ಅಂದಿದ್ದಾರೆ.